ಕೋಟೆಗುಡ್ಡದ ಕಂದಕದಲ್ಲಿ ಸಿಕ್ಕವನು

ಸಾನ್ ಮಾಮೆದೆ, ಗಲಿಸಿಯಾ
೯ ಸೆಪ್ಟೆಂಬರ್ ೧೯೮೩

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಬ್ಯೂನಸ್ ಐರಿಸ್‌ನಲ್ಲಿ ಇಷ್ಟರಲ್ಲಿ ಚಳಿ ಇಳಿದಿರಬೇಕು. ಒಬ್ದುಲಿಯಾ ಅಕ್ಕನ ಮನೆಯ ಮೆಟ್ಟಿಲನ್ನು ಒಬ್ಬಳೇ ಹತ್ತಬೇಡ. ಇಲ್ಲಿ ಎಲ್ಲರೂ ಕ್ಷೇಮ. ಆಲೂಗಡ್ಡೆ ಅಗೆದಾಯಿತು, ಕಂದು ಹಸು ಈದಿದೆ.

ನಮ್ಮ ಕೋಟೆಗುಡ್ಡವನ್ನು ಜುಲೈಯಿಂದ ಅಗೆಯುತ್ತಿದ್ದಾರೆ. ರೋಮನ್ನರಿಗೂ ಮುಂಚಿನ ದುಂಡುಮನೆಗಳು, ಬೀಸುಕಲ್ಲುಗಳು ಹೊರಬಂದಿವೆ. ನಾನೂ ಗುದ್ದಲಿ ಹಿಡಿದು ಹೋಗುತ್ತಿದ್ದೆ. ಬೇಲಿಗೆ ಒರಗಿದ ಮುದುಕರು, "ಏನೋ ಅಮಾರೋ, ಅಜ್ಜಿಕಥೆಯ ಮೌರರು ಗುಡ್ಡದೊಳಗೆ ಬಚ್ಚಿಟ್ಟ ಚಿನ್ನ ಸಿಕ್ತೋ, ಬರೀ ಅವರ ಸಾರಿನ ಮಡಕೆನೋ?" ಎಂದು ದಿನವೂ ಕಾಡುತ್ತಿದ್ದರು. ಹೋದ ಮಂಗಳವಾರ ಹೊರಗೋಡೆಯ ಕಂದಕದಲ್ಲಿ ನನ್ನ ಗುದ್ದಲಿಗೆ ಎಲುಬು ತಗುಲಿತು. ಹಳೆಯ ಕಾಲದ ಯಾರೋ ಯೋಧನೆಂದು ಖುಷಿಯಲ್ಲಿ ಕೂಗಿದೆ. ಅಗೆತದ ಮುಖ್ಯಸ್ಥೆ ಸಬೆಲಾ ಮಂಡಿಯೂರಿ ನೋಡಿ ಎಲ್ಲರ ಕೆಲಸ ನಿಲ್ಲಿಸಿದರು. "ನಮ್ಮ ಮಣ್ಣು ಹುಳಿ, ಅಮಾರೋ. ಎರಡು ಸಾವಿರ ವರ್ಷದ ಎಲುಬನ್ನ ಚೂರೂ ಉಳಿಸಲ್ಲ. ಇದು ನಮ್ಮ ಕಾಲದ್ದು" ಎಂದರು. ತಲೆಬುರುಡೆಯ ಹಿಂಭಾಗದಲ್ಲಿ ಗುಂಡಿನ ತೂತಿತ್ತು. ಸೊಂಟದ ಬಳಿ ಕಲ್ಲುಕೆಲಸದವರ ಹಿತ್ತಾಳೆಯ ತೂಗುಗುಂಡು. ಒರೆಸಿದಾಗ ಮೀನಿನ ಗುರುತು ಕಾಣಿಸಿತು, ನಮ್ಮ ಬಾಗಿಲಿನ ಕಲ್ಲಿನ ಮೇಲೆ ಅಪ್ಪ ಕೆತ್ತಿದನಲ್ಲ, ಅದೇ ಮೀನು.

ನೀನು ಅವನನ್ನು 'ಆ ಓಡಿಹೋದವನು' ಎಂದೇ ಕರೆದೆ. ನಾವೂ ಹಾಗೇ ಕರೆದು ಬೆಳೆದೆವು.

ಸುದ್ದಿ ತಿಳಿದು ಪಕ್ಕದ ಮನೆಯ ಎರ್ಮಿಂದಾ ಅಜ್ಜಿ ನನ್ನನ್ನು ಕರೆಸಿದಳು. "ನಿಮ್ಮಪ್ಪ ಲಿಸಾರ್ದೋ ಯಾವಳ ಹಿಂದೆನೂ ಹೋಗಿಲ್ಲ ಕಣೋ. ಮೂವತ್ತಾರರ ಆಗಸ್ಟು, ಅಂತರ್ಯುದ್ಧ ಶುರುವಾಗಿ ಒಂದು ತಿಂಗಳಾಗಿತ್ತು. ನಾನು ಹಾಲು ಕರೀತಿದ್ದೆ. ಬಂದೂಕಿನವರು ನಾಲ್ಕು ಜನ ಅವನನ್ನ ಗುಡ್ಡ ಹತ್ತಿಸಿದರು. ಇಳಿದು ಬಂದಿದ್ದು ನಾಲ್ಕೇ ಜನ. ಹೆಂಗಸಿನ ಜೊತೆ ಹವಾನಾದ ಹಡಗು ಹತ್ತಿದ ಅಂತ ಊರಿಗೆಲ್ಲ ಹೇಳು, ಇಲ್ಲಾಂದ್ರೆ ನಿನ್ನ ಗಂಡನೂ ಅಲ್ಲೇ ಮಲಗ್ತಾನೆ ಅಂದರು. ಹೇಳಿದೆ. ಆಮೇಲೆ ನಿಮ್ಮಮ್ಮನ ಮುಖ ನೋಡೋಕೆ ಆಗಲಿಲ್ಲ."

ನನಗೆ ಸಿಟ್ಟು ಬರಲಿಲ್ಲ. ಅವಳು ಕೊಟ್ಟ ಕಾಫಿ ಕುಡಿದು ಬಂದೆ. ಅಪ್ಪನಿಗೆ ಆಗ ಇಪ್ಪತ್ತೊಂಬತ್ತು, ನನಗೀಗ ನಲವತ್ತೊಂಬತ್ತು. ಅವನ ಎಲುಬುಗಳನ್ನಿಟ್ಟ ಪೆಟ್ಟಿಗೆ ಎತ್ತಿದಾಗ ಯಾರೋ ಚಿಕ್ಕ ಹುಡುಗನನ್ನು ಎತ್ತಿದ ಹಾಗಿತ್ತು. ಅಷ್ಟೇ ಅನಿಸಿದ್ದು. ನ್ಯಾಯಾಧೀಶರು ಎಲ್ಲವನ್ನೂ ಬರೆದುಕೊಂಡು ಹೋಗಿದ್ದಾರೆ. ಕಾಗದದ ಕೆಲಸ ಮುಗಿದ ಮೇಲೆ, ನವೆಂಬರ್‌ನ ಸಂತರ ಹಬ್ಬಕ್ಕೆ ಮುಂಚೆ ಮಣ್ಣು ಮಾಡುತ್ತೇವೆ.

ಅಕ್ಕನಿಗೆ ನೀನೇ ಓದಿ ಹೇಳು. ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ.

ನಿನ್ನ ಮಗ,
ಅಮಾರೋ

ಮತ್ತೊಂದು ಮಾತು: ಸಮಾಧಿಕಲ್ಲಿನಲ್ಲಿ ಅಪ್ಪನ ಹೆಸರಿನ ಕೆಳಗೆ ನಿನ್ನ ಹೆಸರಿಗೂ ಜಾಗ ಬಿಡಬೇಕೋ ಬೇಡವೋ? ಕಲ್ಲು ಕೆತ್ತುವವರು ಕೇಳುತ್ತಿದ್ದಾರೆ. ನೀನು ಬರೆಯುವವರೆಗೆ ಕಲ್ಲು ಮುಟ್ಟಬೇಡಿ ಎಂದಿದ್ದೇನೆ.