ಎಲೆಕ್ಷನ್‌ಗೆ ಹೋಗಿ ಬಂದ ಕೋವಿ

ಪೊಲೀಸ್ ಠಾಣೆಯ ಬೆಂಚು,
ಸೋಮವಾರ, 8 ಜುಲೈ 2024

ದೀಪಕ್,

'ಪ್ರಿಯ' ಎಂದು ಬರೆದು ಗೀಟು ಹಾಕಿದ್ದೇನೆ. ಗೀಟಿನ ಕೆಳಗೆ ಅಕ್ಷರ ಕಂಡರೆ ಅದು ಪೆನ್ನಿನ ದೋಷ, ನನ್ನದಲ್ಲ.

ವಿಚ್ಛೇದನ ಮುಗಿಯುವ ತನಕ ನಮ್ಮ ನಡುವೆ ಏನಿದ್ದರೂ ಬರವಣಿಗೆಯಲ್ಲೇ ಇರಲಿ ಎಂದು ನಿನ್ನ ವಕೀಲರು ಅಪ್ಪಣೆ ಕೊಡಿಸಿದ್ದಾರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನಿನ್ನದು ಸ್ವಿಚ್ ಆಫ್. ಜ್ವರ ಅಂತೆ, ಅತ್ತೆ ಹೇಳಿದರು. ಠಾಣೆಗೆ ಹೋಗಬೇಕಾದ ದಿನವೇ ಬರುವ ಜ್ವರಕ್ಕೆ ಮಾತ್ರೆ ಇಲ್ಲ, ಬಿಡು. ನಿನ್ನ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಬಿಳಿ ಪಂಚೆ, ನಮ್ಮ ಮದುವೆಗೆ ಹೊಲಿಸಿದ ಕೋಟು. ಹಿಡಿದುಕೊಂಡು ಹೋಗುವುದಾದರೆ ಇಸ್ತ್ರಿ ಬಟ್ಟೆಯಲ್ಲೇ ಹಿಡಿದುಕೊಂಡು ಹೋಗಲಿ ಅಂತ.

ಇನ್‌ಸ್ಪೆಕ್ಟರ್ ಪ್ರಸನ್ನ ಅವರ ತಕರಾರು ನೇರವಾಗಿದೆ. ಲೈಸೆನ್ಸಿನಲ್ಲಿರುವುದು ಸಣ್ಣ ಗುಂಡಿನ ಟ್ವೆಂಟಿ ಟು, ಕೋವಿಯ ನಳಿಗೆಯ ಮೇಲಿನ ಮುದ್ರೆ ದೊಡ್ಡ ಗುಂಡಿನ ತ್ರೀ ನಾಟ್ ತ್ರೀ. ಅದು ಸೈನ್ಯದ್ದು, ಮನೆಯಲ್ಲಿ ಇರಕೂಡದ ಅಳತೆಯದು, ಅವರ ಮಾತಿನಲ್ಲಿ 'ನಿಷೇಧಿತ ಬೋರ್'. (ಬೋರನ್ನು ಕಾನೂನು ನಿಷೇಧಿಸಿದೆ ಎಂದು ಮೊದಲೇ ಗೊತ್ತಿದ್ದರೆ ಮದುವೆಯಾದ ವರ್ಷವೇ ನಿನ್ನ ಮೇಲೆ ದೂರು ಕೊಡುತ್ತಿದ್ದೆ.) ಲೈಸೆನ್ಸನ್ನು ನಿನ್ನ ಹೆಸರಿಗೆ ಮಾಡಿಸೋಣವೆಂದು ಮಾವ ಠಾಣೆಗೆ ಕೋವಿ ತೋರಿಸಲು ಹೋದದ್ದೇ ಇದಕ್ಕೆಲ್ಲ ಮೂಲ. ಇನ್‌ಸ್ಪೆಕ್ಟರ್ ಸೋಮವಾರದ ಗಡುವು ಕೊಟ್ಟು ಕೋವಿಯನ್ನು ಮನೆಗೆ ಕಳಿಸಿದ್ದರು. ಇವತ್ತು ಅದು ಟ್ವೆಂಟಿ ಟು ಎಂದು ಸಾಬೀತಾಗದಿದ್ದರೆ ಎಂಬತ್ತು ದಾಟಿದ ಮಾವ ಚಿಕ್ಕಬೈರಪ್ಪನವರ ಮೇಲೆ ಕೇಸು. ಜಾಮೀನು ಸುಲಭಕ್ಕೆ ಸಿಗದಂಥ ಕೇಸು.

ನಿನ್ನೆ ಮಧ್ಯಾಹ್ನ ಅವರು ಕೋವಿಯನ್ನು ಜಮಖಾನದಲ್ಲಿ ಸುತ್ತಿ, ಬೇಗೂರಿನಿಂದ ಆಟೊದಲ್ಲಿ ಜೆ.ಪಿ. ನಗರದ ನನ್ನ ಮನೆಗೆ ತಂದರು. ಶೂಟಿಂಗ್ ರೇಂಜಿನಲ್ಲಿ ಮಕ್ಕಳಿಗೆ ಗುರಿ ಕಲಿಸುವವಳು, ಹಳೆಯ ಮಿಲಿಟರಿ ಕೋವಿಗಳ ಕುಲಗೋತ್ರ ಹೇಳುವವಳು ನಾನೊಬ್ಬಳೇ ತಾನೆ ಅವರಿಗೆ ಗೊತ್ತಿರುವುದು. ನೀನು ಬಲ್ಲ ಗುಂಡೆಲ್ಲ ಗ್ಲಾಸಿನದು. "ನೀನೇ ನೋಡಿ ಹೇಳ್ಬಿಡವ್ವ. ನನ್ನ ಮುಖ ನೋಡಿ ಹೇಳ್ಬೇಡ, ಕೋವಿ ನೋಡಿ ಹೇಳು" ಅಂದರು.

ಊಟದ ಮೇಜಿನ ಮೇಲೆ ಅದನ್ನು ಮಲಗಿಸಿ ಬಿಚ್ಚಿದೆ. ವಿಷಯ ಇಷ್ಟೇ. ಕೆಲವು ಹಳೆಯ ತ್ರೀ ನಾಟ್ ತ್ರೀಗಳ ದಪ್ಪ ನಳಿಗೆಯೊಳಗೆ ತೆಳುವಾದ ಇನ್ನೊಂದು ನಳಿಗೆ ಕೂರಿಸಿ, ಸಣ್ಣ ಗುಂಡಿನಲ್ಲಿ ಸಿಪಾಯಿಗಳಿಗೆ ಗುರಿ ಕಲಿಸುತ್ತಿದ್ದರು. ಅದರಲ್ಲೂ ಎರಡು ಬಗೆ. ಒಳನಳಿಗೆಗೆ ಬೆಸುಗೆ ಹಾಕಿದ್ದರೆ ಅದು ಇನ್ನೆಂದಿಗೂ ಟ್ವೆಂಟಿ ಟು. ಒಳನಳಿಗೆ ಬಿಚ್ಚಿ ಬರುವಂಥದ್ದಾದರೆ, ಅದನ್ನು ಎಳೆದ ಕ್ಷಣ ಕೈಯಲ್ಲಿ ಉಳಿಯುವುದು ಅಪ್ಪಟ ತ್ರೀ ನಾಟ್ ತ್ರೀ. ಹೊರಗಿನ ಮುದ್ರೆ ಎರಡರಲ್ಲೂ ಹಳೆಯದೇ.

ಹಿತ್ತಾಳೆ ಕಡ್ಡಿ ಇಟ್ಟು ತಟ್ಟಿದೆ. ಮಾವ ಕೋವಿ ಅಲುಗದ ಹಾಗೆ ಹಿಡಿದರು. ಜೋರಾಗಿ ತಟ್ಟಿದೆ. ಅಲ್ಲಾಡಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ನಳಿಗೆಯ ಬಾಯಿಯ ಸುತ್ತ ಬೆಸುಗೆಯ ಬಿಳಿ ಗೆರೆ ಬಳೆಯ ಹಾಗೆ ಮಿನುಗುತ್ತಿತ್ತು. ಕುಣಿದುಬಿಡೋಣ ಅನ್ನಿಸಿತು. ಆಮೇಲೆ ಗುಂಡಿನ ಹಿಂಬದಿಗೆ ಹೊಡೆಯುವ ಬೋಲ್ಟು ಹೊರಗೆಳೆದೆ, ಕುಣಿತ ಅಲ್ಲೇ ನಿಂತಿತು.

ಸಣ್ಣ ಗುಂಡಿನ ಕೋವಿಯಲ್ಲಿ ಬೋಲ್ಟಿನ ಮೊಳೆ ಗುಂಡಿನ ಅಂಚಿಗೆ ಹೊಡೆಯಬೇಕು. ಇದರದ್ದು ನಟ್ಟನಡುವೆ ಇತ್ತು. ಬೋಲ್ಟಿನ ಹಿಡಿಯ ಮೇಲಿನ ನಂಬರು ಕೋವಿಯ ನಂಬರಲ್ಲ. ಕೋವಿ ನಿರಪರಾಧಿ, ಆದರೆ ಅದರ ಹೊಟ್ಟೆಯಲ್ಲಿ ತ್ರೀ ನಾಟ್ ತ್ರೀಯ ಬೋಲ್ಟು! ಅದನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವೇ. ಎಲ್ಲಿಂದ ಬಂತು ಎಂದು ಕೇಳಿದೆ. ಮಾವ ತಲೆ ಕೆರೆದುಕೊಂಡು, "ಎಲೆಕ್ಷನ್ ಟೈಮಲ್ಲಿ ಎಲ್ರೂ ಕೋವಿ ಸ್ಟೇಷನ್ನಿಗೆ ಒಪ್ಪಿಸ್ಬೇಕಲ್ವೇನವ್ವ? ಬೋಲ್ಟ್ ಬಿಚ್ಚಿ ಒಂದ್ ಕಡೆ, ಕೋವಿ ಒಂದ್ ಕಡೆ ಇಟ್ರು. ಜೂನಲ್ಲಿ ಜೋಡ್ಸಿ ಕೊಟ್ರು, ತಂದು ಬೀರು ಒಳಗಿಟ್ಟೆ" ಅಂದರು.

ಜೋಡಿ ತಪ್ಪಿಸಿದವರು ಠಾಣೆಯವರೇ. ಆದರೆ ಪೊಲೀಸರಿಗೆ ಹೋಗಿ ಪೊಲೀಸರ ತಪ್ಪು ಹೇಳುವವರು ಯಾರು? ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು: "ಆ ಶನೀನ ಬೇಗೂರು ಕೆರೆಗೆ ಎಸೆದು ಕೈ ತೊಳ್ಕೊಳ್ಳಿ!" ನಿನ್ನ ವಕೀಲರ ಮೆಸೇಜೂ ಬಂತು: ಬೋಲ್ಟಿನ ಮಾತು ಎತ್ತಬೇಡಿ, ನೀವು ಯಾರು ಎಂದು ಕೇಳಿದರೆ ಬೇರೆಯಾಗಿದ್ದೇವೆ, ಈ ಮನೆಗೂ ನನಗೂ ಸಂಬಂಧವಿಲ್ಲ ಎನ್ನಿ, ಆಗಲೇ ನಿಮ್ಮ ಅಭಿಪ್ರಾಯಕ್ಕೆ ತೂಕ. ಬುದ್ಧಿವಂತ ಮನುಷ್ಯ.

ಈಗ ಕರೆಯುತ್ತಿದ್ದಾರೆ. ಬರುತ್ತೇನೆ.

ಮತ್ತೆ ಬೆಂಚಿಗೆ ಬಂದಿದ್ದೇನೆ. ಒಳಗೆ ಇನ್‌ಸ್ಪೆಕ್ಟರ್ ಮೊದಲು ಕೇಳಿದ್ದು, "ಇವ್ರಿಗೆ ಏನಾಗ್ಬೇಕು ಮೇಡಂ ನೀವು?" ನಾನು ಏನೋ ಒಂದು ಹೇಳಿದೆ. ಏನು ಎನ್ನುವುದು ಈಗ ಮುಖ್ಯವಲ್ಲ. ಕೋವಿ ನೋಡಿ ರಾತ್ರಿಯೇ ಬರೆದು ತಂದಿದ್ದ ನನ್ನ ವರದಿಯನ್ನು ಅವರು ಓದದೆ ಹಿಂದಕ್ಕೆ ತಳ್ಳಿ, "ಹಂಗಾದ್ರೆ ಇದನ್ನ ಬ್ಯಾಗಲ್ಲೇ ಇಟ್ಕೊಳ್ಳಿ. ಹೊರಗಿನವ್ರು ಯಾರಾದ್ರೂ ಹೇಳ್ಲಿ" ಅಂದರು.

ವರದಿಗೆ ಬೆಲೆಯಿಲ್ಲದ ಮೇಲೆ ಉಳಿದದ್ದು ಕೋವಿಯೊಂದೇ. ಬೋಲ್ಟನ್ನು ನಾನೇ ತೆಗೆದು ಮೇಜಿನ ಮೇಲಿಟ್ಟು, ಸಾರ್, ಇದು ಮಾತ್ರ ತ್ರೀ ನಾಟ್ ತ್ರೀದೇ, ಎಂದೆ. "ಅಲ್ರೀ, ನೀವೇ ಒಪ್ಕೋತಿದೀರಲ್ಲ!" ಎಂದು ಅವರು ಕೇಸು ಬರೆಯಲು ರೈಟರನ್ನು ಕರೆದೇಬಿಟ್ಟರು. ನಮ್ಮ ಬೋಲ್ಟು ನಿಮ್ಮಲ್ಲಿದೆ, ನಿಮ್ಮದು ನಮ್ಮಲ್ಲಿ, ದಯವಿಟ್ಟು ನಿಮ್ಮ ಕೋವಿಗಳನ್ನು ಒಮ್ಮೆ ನೋಡಿಸಿ ಎಂದೆ. ಕೊನೆಗೆ ಅವರು ಎದ್ದು ಉಗ್ರಾಣದ ಬೀಗ ತೆಗೆಸಿದರು.

ಉಗ್ರಾಣದ ಕೋವಿಗಳಲ್ಲಿ ಯಾವುದೂ ಹೊಂದಲಿಲ್ಲವಂತೆ. ರೈಟರು ಪೆನ್ನು ತೆರೆದು ಕಾಯುತ್ತಿದ್ದರು. ಮಾವ ಕೈಗಡಿಯಾರ ಬಿಚ್ಚಿ ನನ್ನ ಮಡಿಲಲ್ಲಿಟ್ಟರು. "ಒಳಗೆ ಹಾಕೋವಾಗ ಇದನ್ನ ಬಿಚ್ಚಿಸ್ಕೋತಾರಂತೆ. ನಿನ್ನತ್ರ ಇರ್ಲಿ." ಎಲ್ಲದಕ್ಕೂ ಒಂದು ಚಟಾಕಿ ಸಿಡಿಸುವ ನಿನ್ನ ಹೆಂಡತಿಗೆ ಒಂದೂ ಹೊಳೆಯಲಿಲ್ಲ.

ಆಗ ಬಾಗಿಲ ಕಡೆ ನೋಡಿದೆ. ಕಾವಲಿನ ಪೇದೆ ದುಂಡಪ್ಪ ಕೋವಿಯನ್ನು ಊರುಗೋಲು ಮಾಡಿಕೊಂಡು ಆಕಳಿಸುತ್ತಿದ್ದರು. ತ್ರೀ ನಾಟ್ ತ್ರೀ! ಅದು ಉಗ್ರಾಣದಲ್ಲಿಲ್ಲ, ಆದ್ದರಿಂದ ಅದನ್ನು ಯಾರೂ ನೋಡಿಲ್ಲ. ಓಡಿಹೋಗಿ ಇನ್‌ಸ್ಪೆಕ್ಟರಿಗೆ ಹೇಳಿದೆ.

"ನಂದ್ಯಾಕ್ರೀ ಮೇಡಮ್ಮಾರ?" ಎಂದು ದುಂಡಪ್ಪ ಕೋವಿಯನ್ನು ಎದೆಗವಚಿಕೊಂಡರು. ಇನ್‌ಸ್ಪೆಕ್ಟರ್ ತಾವೇ ಬೋಲ್ಟು ಎಳೆದು ಬೆಳಕಿಗೆ ಹಿಡಿದರು. ಹಿಡಿಯ ಮೇಲೆ ಮಾವನ ಕೋವಿಯ ನಂಬರು. ಮೊಳೆ ಅಂಚಿನಲ್ಲಿ.

"ದುಂಡಪ್ಪ, ಎಲೆಕ್ಷನ್ ಆದ್ಮೇಲೆ ಇದನ್ನ ಒಂದ್ಸಲನಾದ್ರೂ ಬಿಚ್ಚಿ ನೋಡಿದ್ಯೇನಯ್ಯಾ?"

"ದಿನಾ ಒರಸ್ತೀನ್ರೀ ಸರ."

"ಒರೆಸಿದ್ದು ಕೇಳ್ಲಿಲ್ಲ."

ಒರೆಸಿ ಒರೆಸಿ ಫಳಫಳ ಹೊಳೆಯುವ ಆ ಕೋವಿ, ಕಳ್ಳ ಬಂದಿದ್ದರೆ ಟಿಕ್ ಎಂದು ಸುಮ್ಮನಾಗುತ್ತಿತ್ತು. ಇನ್‌ಸ್ಪೆಕ್ಟರ್ ಆಗ ಏನು ಬೇಕಾದರೂ ಮಾಡಬಹುದಿತ್ತು, ತಪ್ಪು ಮುಚ್ಚಿಹಾಕಲೂಬಹುದಿತ್ತು. ಅವರು ಹಿತ್ತಾಳೆ ಕಡ್ಡಿ ಕೇಳಿದರು. ನಳಿಗೆಯೊಳಗೆ ಇಟ್ಟು ತಾವೇ ತಟ್ಟಿದರು, ಭೂತಗನ್ನಡಿಯಲ್ಲಿ ತಾವೇ ಬೆಸುಗೆ ನೋಡಿದರು. ಆಮೇಲೆ ರೈಟರಿಗೆ, "ಕೇಸ್ ಬೇಡ. ಬೋಲ್ಟ್ ಅದಲು ಬದಲಾಗಿತ್ತು, ಸರಿ ಮಾಡಿದ್ವಿ ಅಂತ ಬರಿ. ನಮ್ಮಿಂದ ಆಗಿದ್ದು ಅಂತಾನೂ ಬರಿ" ಅಂದರು. ಮಾವ ಕೈ ಮುಗಿಯಲು ಹೋದರೆ ತಡೆದು, "ಮುಗೀಬೇಡಿ ಯಜಮಾನ್ರೇ, ನಂಗೇ ನಾಚಿಕೆ ಆಗುತ್ತೆ" ಅಂದರು.

ಮಾವನನ್ನು ಈಗ ಆಟೊದಲ್ಲಿ ಹೊರಡಿಸುತ್ತೇನೆ. ಪತ್ರ ಅವರ ಕೈಲೇ ಬರುತ್ತದೆ. ಜ್ವರ ಇಳಿದಿರಬಹುದು, ಎದ್ದು ಗೇಟಿನ ತನಕ ಬಂದು ಅವರ ಕೈ ಹಿಡಿದು ಇಳಿಸಿಕೋ.

ಬೆಂಚಿನಿಂದ ಏಳುತ್ತಿರುವ,
ಚೈತ್ರ

ವಿ.ಸೂ.: ಇನ್‌ಸ್ಪೆಕ್ಟರ್ ಕೇಳಿದಾಗ ನಾನು "ಸೊಸೆ, ಸಾರ್" ಎಂದುಬಿಟ್ಟೆ. ಅಷ್ಟಕ್ಕೇ ಅವರು ನನ್ನ ವರದಿ ತಳ್ಳಿದ್ದು. ಸಂಬಂಧವಿಲ್ಲ ಎಂದಿದ್ದರೆ ಮಾವ ಗಡಿಯಾರ ಬಿಚ್ಚಬೇಕಾಗಿರಲಿಲ್ಲವೇನೋ. ಹೇಳಲೆಂದೇ ಬಾಯಿ ತೆರೆದಿದ್ದೆ, ಬರಲಿಲ್ಲ. ಅದು ಮಾವನ ಮೇಲಿನ ಪ್ರೀತಿಗೆ ಮಾತ್ರ ಎಂದು ಈ ಸಾಲು ಬರೆಯುವ ತನಕ ಅಂದುಕೊಂಡಿದ್ದೆ. ಗುರುವಾರ ಕೋರ್ಟಿನಲ್ಲಿ ಜಡ್ಜು ಕೇಳುವುದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಬುಧವಾರ ಸಂಜೆ ಮನೆಯಲ್ಲಿರುತ್ತೇನೆ. ವಕೀಲರನ್ನು ಬಿಟ್ಟು ಬಾ.