ಸುಟ್ಟ ಸುತ್ತುಗಳ ಎಣಿಕೆ

ಬಸವಕಲ್ಯಾಣ
೧೪ ಜೂನ್ ೨೦೨೫

ಪ್ರೀತಿಯ ಖಮರುದ್ದೀನ್‌ಗೆ,

ಸಲಾಮ್. ನೀನೂ ಮನೆಯವರೂ ಆರಾಮವಾಗಿದ್ದೀರೆಂದು ಮೊಮ್ಮಗಳು ಶೀತಲ್ ದಿನವೂ ಹೇಳುತ್ತಾಳೆ. ಆದರೂ ನಾನೇ ಕೇಳಬೇಕಲ್ಲ. ಕಾಗದ ಬರೆಯುವುದು ತಡವಾಯಿತು, ನಲವತ್ತೇಳು ವರ್ಷ ತಡವಾಯಿತು. ನಮ್ಮಿಬ್ಬರ ನಡುವೆ ಇರುವುದು ಒಂದು ತಾಸಿನ ಬಸ್ಸಿನ ಹಾದಿ. ವಿದ್ಯುತ್ ಇಲಾಖೆಯ ಇಂಜಿನಿಯರನಾಗಿ ಆ ಹಾದಿಯ ಕಂಬಗಳನ್ನೆಲ್ಲ ಬಲ್ಲೆ. ಹುಮನಾಬಾದಿನಲ್ಲಿ ನಿನ್ನ ಅಂಗಡಿಯ ಮುಂದೆ ಮಾತ್ರ ಒಮ್ಮೆಯೂ ಇಳಿಯಲಿಲ್ಲ. ಅದಕ್ಕೆ ನೆಪ ಹುಡುಕುವುದಿಲ್ಲ.

ಅವಳನ್ನು ನಿನ್ನಲ್ಲಿಗೆ ಕಳಿಸಿದ್ದು ನಾನಲ್ಲ. ಡಿಪ್ಲೊಮಾದ ಕೊನೆಯಲ್ಲಿ ಎಂಟು ವಾರ ಎಲ್ಲಾದರೂ ಕೆಲಸಗಾರರ ಪಕ್ಕದಲ್ಲಿ ನಿಂತು ಕಲಿಯಬೇಕಂತೆ, ಇಂಟರ್ನ್‌ಶಿಪ್. ಹುಮನಾಬಾದಿನ ಪಕ್ಕದ ಹುಡಗಿ ಗ್ರಾಮದಲ್ಲಿರುವ ಅವಳ ಸೋದರತ್ತೆಯ ಬಾವಿ ಮೋಟಾರ್ ಸುಟ್ಟಾಗ, ಅದರ ಜೊತೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ನಿನ್ನ ವೈಂಡಿಂಗ್ ಅಂಗಡಿಗೆ ಬಂದವಳು ಮೂರು ತಾಸು ನಿನ್ನ ಕೈಗಳನ್ನೇ ನೋಡುತ್ತ ನಿಂತಳಂತೆ. ಮನೆಗೆ ಬಂದು, “ತಾತಾ, ನಾ ಕಲಿಯೂದು ಅಲ್ಲೇ” ಅಂದಳು. ಅಂಗಡಿ ಯಾರದೆಂದು ಕೇಳಿದೆ. ನಿನ್ನ ಹೆಸರು ಹೇಳಿದಳು. ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟೆ.

ಅಂದಿನಿಂದ ನಿನ್ನ ಅಂಗಡಿಯನ್ನು ನೋಡದೆಯೇ ನೋಡುತ್ತಿದ್ದೇನೆ. ಮಧ್ಯಾಹ್ನ ಊಟವಾಗಿ ಕಣ್ಣು ಮುಚ್ಚಿದರೆ ಸಾಕು, ಹಸಿರು ಬಾಗಿಲು ಕಾಣುತ್ತದೆ. ವಾರ್ನಿಶ್ ಹಚ್ಚಿದ ಮೋಟಾರುಗಳು ಬಿಸಿಲಿಗೆ ಮುಖ ಮಾಡಿ ಸಾಲಾಗಿ ಕೂತಿರುತ್ತವೆ. ಮೊಳೆಗೆ ತೂಗುಬಿಟ್ಟ ತಾಮ್ರದ ಸುರುಳಿಗಳು ಗಾಳಿಗೆ ಒಂದನ್ನೊಂದು ತಾಕುತ್ತವೆ. ಹೆದ್ದಾರಿಯ ಲಾರಿಗಳ ಸದ್ದು ಎಲ್ಲೋ ಕರಗಿಹೋಗಿ ನಿನ್ನ ಎಣಿಕೆಯೊಂದೇ ಉಳಿಯುತ್ತದೆ: ಏಕ್, ದೋ, ತೀನ್. ಆ ನೋಟದಲ್ಲಿ ನಿನಗೆ ಇನ್ನೂ ಹತ್ತೊಂಬತ್ತೇ ವರ್ಷ, ತಲೆತುಂಬ ಕೂದಲು. ಶೀತಲ್‌ಗೂ ಅದೇ ಗುಂಗು. ರೊಟ್ಟಿ ಬಡಿಯುತ್ತಲೂ ಎಣಿಸುತ್ತಾಳೆ. “ಏನವಾ, ನಮಗ ರೊಟ್ಟಿ ಎಣಸಿ ಹಾಕಾಕತ್ತೀಯೇನು?” ಎಂದು ಅವಳವ್ವ ಕೆಣಕುತ್ತಾಳೆ.

ಮೊದಲ ದಿನ ನೀನು ಹೇಳಿದ್ದನ್ನು ಅವಳು ಡೈರಿಯಲ್ಲಿ ಬರೆದುಕೊಂಡಿದ್ದಾಳೆ: “ಬೇಟಿ, ಸುಟ್ಟಿದ್ದು ಕಿತ್ತಿ ಒಗೀಬ್ಯಾಡ. ಮೊದಲ ಎಣಸು, ಬರಕೋ. ಎಷ್ಟು ಸುತ್ತಿತ್ತು ಗೊತ್ತಿಲ್ದ ಹೊಸಾದು ಸುತ್ತಿದ್ರ ಮತ್ತ ಸುಡ್ತದ.” ಅದೇ ದಿನ, ತಂತಿ ಸುತ್ತುತ್ತಲೇ, ಯಾರ ಮೊಮ್ಮಗಳೆಂದು ಕೇಳಿದೆಯಂತೆ. ಅವಳು ಹೇಳಿದಳಂತೆ. ನೀನು ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡಿದೆಯಂತೆ. “ಉಸ್ತಾದ್ ಎಣಿಕಿ ತಪ್ಪಿದ್ದು ಅದೊಂದ ದಿನ, ತಾತಾ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಬರೆಯಲೇಬೇಕಾದ ಸುದ್ದಿ. ಅವಳ ಎಂಟು ವಾರ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾಲೇಜಿನವರು ಹೇಳಿದರು. ನಿನ್ನ ಅಂಗಡಿಗೆ ಲೆಟರ್‌ಹೆಡ್ ಇಲ್ಲ, ಮೊಹರಿಲ್ಲ. ಹೀಗಾದರೆ ಅವಳಿಗೆ ಡಿಪ್ಲೊಮಾ ಈ ವರ್ಷ ಸಿಗುವುದಿಲ್ಲ. ಅವಳನ್ನು ಕರೆದುಕೊಂಡು ನಾನೇ ಹೋದೆ. ಇಂಟರ್ನ್‌ಶಿಪ್ ನೋಡಿಕೊಳ್ಳುವ ಸಂಜೀವಕುಮಾರ ಮೇಷ್ಟ್ರು ದನಿ ತಗ್ಗಿಸಿ, “ಬಿಸಿ ಆಗಬ್ಯಾಡ್ರಿ ಸಾಹೇಬ್ರ. ಸರ್ಟಿಫಿಕೇಟ್ ಕೊಡೋ ಕಂಪನಿ ಅದಾವ, ಹುಡುಗಿ ಅಲ್ಲಿಗೆ ಹೋಗೂದೂ ಬ್ಯಾಡ. ಅರ್ಧ ಕ್ಲಾಸ್ ಹಂಗೇ ಮಾಡ್ಯಾರ” ಅಂದರು.

ನನ್ನ ಬಾಯಿ ನಿನಗೆ ಗೊತ್ತಿದೆ. ತಂತಿ ಕೊಯ್ದ ಗುರುತಿರುವ ಅವಳ ಬೆರಳುಗಳನ್ನು ಮೇಜಿನ ಮೇಲೆ ಇಡಿಸಿದೆ. ಮೋಟಾರನ್ನೇ ಮುಟ್ಟದವರ ಕಾಗದಕ್ಕೆ ಮೊಹರು ಬೀಳುತ್ತದೆ, ಈ ಕೈಗಳಿಗೆ ಇಲ್ಲವೇ ಎಂದೆ. ಕೋಣೆಯ ಹೊರಗೆ ಜನ ಸೇರುವಷ್ಟು ಮಾತಾಡಿದೆ. ಮೇಷ್ಟ್ರು ಎಲ್ಲವನ್ನೂ ಕೇಳಿ, ಫಾರಂ ತಿರುಗಿಸಿ ಒಂದು ಖಾಲಿ ಜಾಗ ತೋರಿಸಿದರು.

“ಆಯ್ತ್ರಿ. ಕಲಿಸಿದವರ ಕ್ವಾಲಿಫಿಕೇಶನ್ ಅಂತ ಇಲ್ಲಿ ಏನ್ ಬರೀಲ್ರಿ?”

ಶೀತಲ್ ಹೇಳಿದಳು, “ಡಿಪ್ಲೊಮಾ ಎರಡನೇ ವರ್ಷದಾಗ ಬಿಟ್ಟಾರಂತ್ರಿ.”

“ಯಾಕ ಬಿಟ್ರು?”

“ಕೇಳಿದ್ದೆರಿ. ಎಣಿಸಾಕತ್ತೇನಿ, ಮಾತಾಡಸಬ್ಯಾಡ ಅಂದ್ರು.”

ಕೊನೆಗೆ ಮೇಷ್ಟ್ರೇ ಒಂದು ದಾರಿ ಹೇಳಿದರು. ಡಿಪ್ಲೊಮಾ ಇರುವ ನಿವೃತ್ತ ಇಂಜಿನಿಯರೊಬ್ಬರು ಅಂಗಡಿಗೆ ಹೋಗಿ ಕೆಲಸ ನೋಡಿ, ಡೈರಿಯಲ್ಲಿ ನಿನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರೆ ನಡೆಯುತ್ತದಂತೆ. “ನೀವೇ ಅದೀರಲ್ರಿ” ಅಂದರು.

ಸೋಮವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಕಣ್ಣು, ನಿನ್ನ ಬೆರಳು ಇನ್ನೂ ಬಹುಕಾಲ ಹೀಗೇ ಇರಲಿ.

ನಿನ್ನ ಹಾಸ್ಟೆಲ್ಲಿನ ಕೋಣೆಯವನು,
ದೇವಿಂದ್ರಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ೧೯೭೮ರಲ್ಲಿ ನಿನ್ನ ಪ್ರಾಕ್ಟಿಕಲ್ ರೆಕಾರ್ಡ್ ನೋಡಿ ನಾನು ನಕಲು ಮಾಡಿದೆ. ನೀನು ನಲವತ್ತಾರು ಸುತ್ತಿನ ಬದಲು ಅರವತ್ತನಾಲ್ಕು ಎಂದು ತಪ್ಪಾಗಿ ಬರೆದಿದ್ದೆ. ನಾನೂ ಅದನ್ನೇ ಬರೆದೆ. ಎರಡರಲ್ಲೂ ಒಂದೇ ತಪ್ಪು ಕಂಡು ಕಾಲೇಜಿನವರು ಅಸಲು ಯಾರದೆಂದು ಕೇಳಿದರು. ನೀನು ನನ್ನ ಕಡೆ ನೋಡಿದೆ, ನಿಜವನ್ನು ನಾನೇ ಹೇಳಲಿ ಎಂದು. ನಾನು “ನಂದ್ರಿ” ಅಂದೆ. ನಕಲಿನ ಆರೋಪ ನಿನ್ನ ಮೇಲೆ ಬಿತ್ತು, ಮರುದಿನ ನೀನು ಟ್ರಂಕು ಹೊತ್ತು ಮೆಟ್ಟಿಲಿಳಿದೆ. ಅದೇ ಡಿಪ್ಲೊಮಾದಿಂದ ನಾನು ಇಂಜಿನಿಯರನಾದೆ.

ಫಾರಂನ ಆ ಖಾಲಿ ಜಾಗದಲ್ಲಿ ಇಷ್ಟನ್ನೂ ಬರೆದು ಸಹಿ ಮಾಡಿದ್ದೇನೆ. ಇದನ್ನು ಓದಿದ ಮೇಲೆ ಮೇಷ್ಟ್ರು ನನ್ನ ಸಹಿಯನ್ನು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಶೀತಲ್‌ಗೆ ಈ ಕಾಗದ, ಆ ಫಾರಂ ಎರಡನ್ನೂ ಓದಲು ಕೊಟ್ಟೆ. ಇದರಿಂದ ಅವಳ ವರ್ಷವೂ ಹೋಗಬಹುದು ಎಂದೆ. ಅವಳು “ಹೋಗ್ಲಿ” ಎಂದಷ್ಟೇ ಅಂದು ಲಕೋಟೆಯ ಮೇಲೆ ನಿನ್ನ ಹೆಸರು ಬರೆದಳು. ಇಷ್ಟು ದಿನ ತಾತಾ ಎಂದು ಕರೆಯದೆ ಅವಳ ಒಂದು ಮಾತೂ ಮುಗಿಯುತ್ತಿರಲಿಲ್ಲ.

ನಾನು ಬಂದಾಗ ನೀನು ಎಣಿಸುತ್ತಿದ್ದರೆ ತಲೆ ಎತ್ತಬೇಡ. ಮುಗಿಯುವವರೆಗೆ ಹೊರಗೆ ನಿಂತಿರುತ್ತೇನೆ.