ಪೂರ್ತಿ ಗಂಟಲಿನಲ್ಲಿ

ಗುರುವಾರ, ಮಧ್ಯಾಹ್ನ
ಬಸ್ ಡಿಪೋ ಕ್ಯಾಂಟೀನ್

ಅಮ್ಮಾ,

ಈ ಸಲ ಕ್ಷೇಮಸಮಾಚಾರದಿಂದ ಶುರುಮಾಡುವುದಿಲ್ಲ. ನೀನು ಚೆನ್ನಾಗಿರುವುದು ಪೇಪರಿನಲ್ಲೇ ಬಂದಿದೆ, ಫೋಟೊ ಸಮೇತ. ನಾನೂ ಚೆನ್ನಾಗಿಯೇ ಇದ್ದೇನೆ, ಕೋಪವೊಂದನ್ನು ಬಿಟ್ಟರೆ.

ನೀನು ಕಳಿಸಿದ ಪ್ರೂಫ್ ಸೋಮವಾರ ಕೈ ಸೇರಿತು. ಒಳ್ಳೆಯ ಕಾಗದ, ದೊಡ್ಡ ಅಕ್ಷರ, ಮೊದಲ ಪುಟದಲ್ಲಿ ನಗರಸಭೆಯ ಮುದ್ರೆ. ಸತ್ತವರ ನೆನಪಿಗೆ ನೀನು ಬರೆದ ಹಾಡುಗಬ್ಬಕ್ಕೆ ಯುದ್ಧ ಮುಗಿದ ಇಪ್ಪತ್ತೈದನೆಯ ವರ್ಷದಲ್ಲಿ ಈ ಮರ್ಯಾದೆಯಾದರೂ ಸಿಕ್ಕಿತಲ್ಲ ಎಂದು ನಿಜವಾಗಿ ಖುಷಿಪಟ್ಟೆ. ನಿನ್ನ ಕಣ್ಣು ಚುರುಕು, ತಪ್ಪು ಹುಡುಕಿ ಶನಿವಾರದೊಳಗೆ ಅಚ್ಚುಕೂಟಕ್ಕೆ ಕಳಿಸಿಬಿಡು ಎಂದು ನೀನು ಬರೆದಿದ್ದೆ. ಹುಡುಕಿದೆ. ಹಾಡಿನಲ್ಲಿ ಎರಡು ಅಕ್ಷರದ ತಪ್ಪು ಸಿಕ್ಕವು. ಮುನ್ನುಡಿಯಲ್ಲಿ ಅಕ್ಷರಗಳೆಲ್ಲ ಸರಿಯಾಗಿವೆ. ಆದರೆ ಒಂದು ವಾಕ್ಯ ಓದಿ ತಟ್ಟೆಯ ಮುಂದಿನಿಂದ ಎದ್ದುಬಿಟ್ಟೆ.

"ಆ ಸಂಜೆ ನಾವು ನಲವತ್ತೆರಡು ಜನ ಒಳಗೆ ಹಾಡುತ್ತಿದ್ದೆವು, ಹೊರಗೆ ಏನು ನಡೆಯುತ್ತಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ."

ಒಬ್ಬರಿಗೂ ಅಂತೆ. ಇದನ್ನು ಬರೆಯುವಾಗ ನಿನ್ನ ಕೈ ತಡೆಯಲಿಲ್ಲವೇ ಅಮ್ಮ? ಸಂದರ್ಶನಗಳಲ್ಲಿ ಏನೋ ತೇಲಿಸಿ ಮಾತಾಡುತ್ತೀಯ, ಅದು ಗೊತ್ತು. ಬಾಯಿಮಾತು, ಗಾಳಿಗೆ ಹೋಯಿತು ಎಂದು ನಾನೂ ಸುಮ್ಮನಿದ್ದೆ. ಈಗ ಅಚ್ಚಾಗುತ್ತಿದೆ. ನಾಳೆ ಶಾಲೆಯ ಮಕ್ಕಳು ಓದುತ್ತಾರೆ.

ನಿನಗೆ ಮರೆತಿರಬಹುದು ಎಂದು ಒಂದು ಕ್ಷಣ ಅಂದುಕೊಂಡೆ. ಆಮೇಲೆ ನನ್ನ ಪೆದ್ದುತನಕ್ಕೆ ನಾನೇ ನಕ್ಕೆ. ಹದಿನೈದು ವರ್ಷ ಹಿಂದೆ ಯಾರು ಯಾವ ಸಾಲಿನಲ್ಲಿ ಶ್ರುತಿ ತಪ್ಪಿದರು ಎಂದು ಈಗಲೂ ಹೇಳುವವಳು ನೀನು. ಆದರೂ ಮರೆತಿದ್ದೀಯ ಎಂದೇ ಇಟ್ಟುಕೊಂಡು ಬರೆಯುತ್ತೇನೆ. ಓದು.

ನೂಲಿನ ಗಿರಣಿಯ ಗೋದಾಮು. ನಮ್ಮ ಅಭ್ಯಾಸ ವಾರಕ್ಕೆ ಎರಡು ಸಲ, ಸಂಜೆ ಆರಕ್ಕೆ. ಆರು ಹೊಡೆದ ಕೂಡಲೇ ಬೀದಿ ಬಾಗಿಲಿಗೆ ಅಗಣಿ. ತಡವಾಗಿ ಬಂದವರು ಹಾಡು ಮುಗಿಯುವ ತನಕ ಮೆಟ್ಟಿಲ ಮೇಲೆ ಕಾಯಬೇಕು. ಹಾಡು ಶುರುವಾದ ಮೇಲೆ ದೇವರೇ ಬಂದರೂ ಹೊರಗೆ ನಿಲ್ಲಲಿ ಎನ್ನುತ್ತಿದ್ದೆ ನೀನು, ನಾವು ನಗುತ್ತಿದ್ದೆವು. ಗಿರಣಿಯಲ್ಲಿ ನೀನು ಬರೀ ಹಾಜರಿ ಗುಮಾಸ್ತೆ. ಗೋದಾಮಿನಲ್ಲಿ ಮಾತ್ರ ನಿನ್ನ ಮುಂದೆ ಮೇಸ್ತ್ರಿಗಳೂ ಕೈ ಕಟ್ಟಿ ನಿಲ್ಲುತ್ತಿದ್ದರು. ಹಿಂದುಗಡೆ ಇನ್ನೊಂದು ಬಾಗಿಲಿತ್ತು, ಹೊಳೆಯ ಕಡೆಗೆ, ನೂಲಿನ ಮೂಟೆಗಳನ್ನು ದೋಣಿಗೆ ಇಳಿಸಲು. ಅಲ್ಲಿ ಸದಾ ಎರಡು ದೋಣಿ ಕಟ್ಟಿರುತ್ತಿದ್ದರು. ಇದು ನಮ್ಮ ಗುಂಪಿನ ಎಲ್ಲರಿಗೂ ಗೊತ್ತಿತ್ತು. ಆ ಐದು ಜನರಿಗೂ ಗೊತ್ತಿತ್ತು.

ಗಡಿಯಾರ ರಿಪೇರಿಯ ಮಾವ, ಅವರ ಹೆಂಡತಿ, ಬಟನ್ ಅಂಗಡಿಯ ಅಕ್ಕ, ಬಣ್ಣದ ಕಡಾಯಿಯಲ್ಲಿ ಕೆಲಸ ಮಾಡುತ್ತಿದ್ದ ಅಣ್ಣ ತಮ್ಮ. ಅಜ್ಜಂದಿರು ಯಾವ ಕಾಲದಲ್ಲೋ ಹೊಳೆ ದಾಟಿ ಬಂದಿದ್ದಕ್ಕೆ ಯುದ್ಧ ಶುರುವಾದ ಮೇಲೆ ಅವರೆಲ್ಲ "ಆಚೆ ದಡದವರು" ಆಗಿಬಿಟ್ಟರು. ಮೊದಲು ಎದೆಗೆ ಚೀಟಿ, ಆಮೇಲೆ ಅಂಗಡಿಗೆ ಬೀಗ, ಆಮೇಲೆ ಯಾವ ಸಂಘದಲ್ಲೂ ಅವರನ್ನು ಇಟ್ಟುಕೊಳ್ಳಬಾರದು ಎಂಬ ಆಜ್ಞೆ. ನೀನು ನಮ್ಮ ಹಾಜರಿ ಪುಸ್ತಕದಲ್ಲಿ ಅವರ ಐದು ಹೆಸರಿನ ಮೇಲೆ ಸ್ಕೇಲು ಇಟ್ಟು ಗೀಟು ಎಳೆದೆ. ಅಂದು ಮನೆಗೆ ಬಂದು ನೀನು ಊಟ ಮಾಡಲಿಲ್ಲ. ಅದನ್ನೂ ನಾನು ಮರೆತಿಲ್ಲ, ನಿನ್ನ ಮೇಲೆ ಅನ್ಯಾಯದ ಮಾತಾಡಬಾರದಲ್ಲ.

ಎರಡು ತಿಂಗಳಾದ ಮೇಲೆ ಆ ಸಂಜೆ. ಸೈನಿಕರು ಬೀದಿಯ ಎರಡೂ ತುದಿಗೆ ಲಾರಿ ನಿಲ್ಲಿಸಿ ಮನೆ ಮನೆ ಹೊಕ್ಕು ಆಚೆ ದಡದವರನ್ನು ಹಿಡಿಯತೊಡಗಿದರು. ಆ ಐವರು ನಮ್ಮಲ್ಲಿಗೆ ಓಡಿ ಬಂದರು. ಹಾಡಲು ಬಂದದ್ದಲ್ಲ, ಅಡಗಿಕೊಳ್ಳಲೂ ಅಲ್ಲ. ಒಳಗೆ ಬಂದು ಹಿಂದಿನ ಬಾಗಿಲಿನಿಂದ ದೋಣಿಗೆ ಇಳಿಯಲು. ಮೂವತ್ತು ಹೆಜ್ಜೆ ನಡೆದರೆ ಮುಗಿಯುತ್ತಿತ್ತು. ಬಾಗಿಲು ಬಡಿದರು. ನಾನು ಎಲ್ಲರಿಗಿಂತ ಉದ್ದ ಎಂದು ನೀನು ನನ್ನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿದ್ದೆ. ಬಾಗಿಲು ನನ್ನ ಬೆನ್ನಿಗೇ ಇತ್ತು. ಒಂದೊಂದು ಏಟೂ ನನ್ನ ಬೆನ್ನಿಗೆ ಬಿತ್ತು ಅಮ್ಮ.

ನಾನು ನಿನ್ನ ಮುಖ ನೋಡಿದೆ. ಎಲ್ಲರೂ ನೋಡಿದರು. ನೀನು ಬಾಗಿಲ ಕಡೆ ನೋಡಲಿಲ್ಲ. ಎಡಗೈಯನ್ನು ಅಂಗೈ ಮೇಲಾಗಿ ಹಿಡಿದು ನಿಧಾನವಾಗಿ ಮೇಲೆತ್ತಿದೆ. ಜೋರಾಗಿ, ಇನ್ನೂ ಜೋರಾಗಿ ಎಂಬ ಸನ್ನೆ. ನಲವತ್ತೆರಡು ಜನ ಪೂರ್ತಿ ಗಂಟಲಿನಲ್ಲಿ ಹಾಡಿದೆವು. ಬಡಿತ ಮುಳುಗಿಹೋಯಿತು. ಹಾಡು ಮುಗಿದು ಅಗಣಿ ತೆಗೆದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ, ಲಾರಿಗಳೂ ಇರಲಿಲ್ಲ. ನೀನು ಬಾಗಿಲು ಹಾಕಿಸಿ, ಎರಡನೆಯ ಚರಣದಲ್ಲಿ ಶ್ರುತಿ ಇಳಿದಿತ್ತು, ಇನ್ನೊಂದು ಸಲ ಹಾಡೋಣ ಎಂದೆ. ನಾವು ಹಾಡಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನಾವು ಮೊದಲೇ ಹಾಕಿಕೊಂಡಿದ್ದೆವು, ಕೊಳ್ಳೆ ಹೋದವರನ್ನು ಹೊರಗಿಟ್ಟು.

ನೀನೂ ಹಾಡಿದೆಯಲ್ಲ ಎನ್ನುತ್ತೀಯ. ಹೌದು, ಹಾಡಿದೆ. ಹದಿನೈದು ವರ್ಷದ ಹುಡುಗಿ, ಎದುರಿಗೆ ಅಮ್ಮ ಕೈ ಎತ್ತಿದ್ದಾಳೆ. ಇದು ನೆಪವಲ್ಲ, ಹೇಗಿತ್ತೋ ಹಾಗೆ ಹೇಳುತ್ತಿದ್ದೇನೆ.

ಬಾಗಿಲು ತೆಗೆದಿದ್ದರೆ ನಲವತ್ತೇಳು ಜನವೂ ಲಾರಿ ಹತ್ತಬೇಕಿತ್ತು ಎಂದೂ ಹೇಳುತ್ತೀಯ. ಇರಬಹುದು. ನಾನೂ ಬಹಳ ಸಲ ಲೆಕ್ಕ ಹಾಕಿ ನೋಡಿದ್ದೇನೆ. ಹಾಗಿದ್ದರೆ ಅದನ್ನೇ ಅಚ್ಚು ಹಾಕಿಸು. ಹೆದರಿದೆವು ಎಂದು ಬರೆ. ಹೆದರಿದವರನ್ನು ಜನ ಕ್ಷಮಿಸುತ್ತಾರೆ, ಅವರ ಮನೆಯಲ್ಲೂ ಹೆದರಿದವರು ಇರುತ್ತಾರೆ. ಗೊತ್ತೇ ಇರಲಿಲ್ಲ ಎಂದುಬಿಟ್ಟರೆ ಕ್ಷಮಿಸಲು ಏನು ಉಳಿಯಿತು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

ಇಷ್ಟೇ ಆಗಿದ್ದರೆ ಒಂದು ವಾಕ್ಯಕ್ಕೆ ಇಷ್ಟು ರೇಗುತ್ತಿರಲಿಲ್ಲವೇನೋ. ನಿನ್ನ ಹಾಡನ್ನು ನಾನು ಇಲ್ಲಿ ಕಲಿಸುತ್ತಿದ್ದೇನಲ್ಲ, ಅಲ್ಲಿಂದ ಹತ್ತಿಕೊಂಡಿತು. ನಮ್ಮ ಗುಂಪು ನಿನಗೆ ಗೊತ್ತೇ ಇದೆ: ಡ್ರೈವರುಗಳು, ಕಂಡಕ್ಟರುಗಳು, ಟೈರಿನ ವಿಭಾಗದವರು. ಪಾಳಿ ಬದಲಾಗುವ ಹೊತ್ತಿಗೆ ಕ್ಯಾಂಟೀನಿನ ಮೇಜು ಸರಿಸಿ ಒಂದು ಗಂಟೆ ಅಭ್ಯಾಸ. ಕೂಗಿ ಕೂಗಿ ಕಂಡಕ್ಟರುಗಳಿಗೆ ಗಂಟಲು ಬಂದಿದೆ, ಕಿವಿ ಇನ್ನೂ ಬರಬೇಕು. ಆದರೂ ನಿನ್ನ ಮೊದಲ ಭಾಗ, ಹೆಂಗಸರ ದನಿ ಒಂದೇ ಬರುವ ಜಾಗ, ಕಲಿಸುವಾಗ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕೇಳಿದಳು. ಚೆಂದದ ಕೆಲಸ ಮಾಡಿದ್ದೀಯ. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಮೂರನೆಯ ಭಾಗಕ್ಕೆ ಬಂದೆವು. ಅಲ್ಲಿ ಎಂಟು ಮಾತ್ರೆ ಎಲ್ಲ ದನಿಗಳೂ ಒಟ್ಟಿಗೆ ಏರುತ್ತವೆ. ಮೇಲೆ ನಿನ್ನ ಕೈಯಲ್ಲೇ ಬರೆದ ಸೂಚನೆ: "ಪೂರ್ತಿ ಗಂಟಲಿನಲ್ಲಿ." ಪೇಪರಿನವರು ಕಣ್ಣೀರು ಹಾಕಿ ಬರೆದದ್ದು ಈ ಜಾಗದ ಬಗ್ಗೆಯೇ, ಅನ್ಯಾಯವಾಗಿ ಸತ್ತವರ ಕೂಗು ಎಂದು. ನಾನೂ ಇಷ್ಟು ವರ್ಷ ಹಾಗೆಯೇ ಕೇಳಿದ್ದೆ. ಕಲಿಸಿರಲಿಲ್ಲ. ಮೊದಲ ಸಲ ಗುಂಪಿನ ಮುಂದೆ ನಿಂತು, ಜೋರಾಗಿ ಎಂದು ತೋರಿಸಲು ಎಡಗೈ ಎತ್ತಿದೆ. ಅಂಗೈ ಮೇಲಾಗಿ. ಎತ್ತಿದ ಕೈ ಅಲ್ಲೇ ನಿಂತಿತು. ಆ ಸಂಜೆಯ ಅದೇ ಎಂಟು ಮಾತ್ರೆ ಅಮ್ಮ. ಅದೇ ಏರಿಕೆ.

ಅದು ಅವರ ಕೂಗಲ್ಲ. ಅದು ನಮ್ಮದು. ಅವರ ಬಡಿತವನ್ನು ಮುಚ್ಚಲು ನಾವು ಎಬ್ಬಿಸಿದ ಸದ್ದು ಅದು. ನೀನು ಅದನ್ನು ಹಾಗೇ ಎತ್ತಿ ತಂದು ಅವರ ಬಾಯಿಗೆ ಹಾಕಿದ್ದೀಯ. ಬರೆಯುವಾಗ ತಪ್ಪೊಪ್ಪಿಕೊಂಡೆಯೋ ಏನೋ, ಕಾಗದದ ಮೇಲೆ ಆದರೂ. ಆದರೆ ಜನ ಬೇರೆಯಾಗಿ ಕೇಳಿ ಚಪ್ಪಾಳೆ ತಟ್ಟಿದಾಗ ಎದ್ದು ಇಲ್ಲ ಎನ್ನಬೇಕಿತ್ತು. ನೀನು ಕೈ ಮುಗಿದೆ.

ಈಗ ನಿನಗೆ ಗೊತ್ತಿಲ್ಲದ ವಿಷಯ. ಕೂತುಕೊಂಡು ಓದು. ಗಡಿಯಾರದ ಮಾವ ಬದುಕಿದ್ದಾರೆ. ಐವರಲ್ಲಿ ತಿರುಗಿ ಬಂದವರು ಅವರೊಬ್ಬರೇ. ನಾಲ್ಕು ತಿಂಗಳಿಂದ ನಮ್ಮ ಡಿಪೋದಲ್ಲೇ ಟಿಕೆಟ್ ಮೆಷಿನ್ ರಿಪೇರಿ ಮಾಡುತ್ತಿದ್ದಾರೆ. ಒಂದು ಕಿವಿ ಮಂದವಾಗಿದೆ, ಕೈ ಈಗಲೂ ಚುರುಕು. ನನ್ನನ್ನು ದೂರದಿಂದಲೇ ಗುರುತು ಹಿಡಿದರು. ಉದ್ದಕ್ಕೆ ನಿಂತಿದ್ದೆನಲ್ಲ, ಏಣಿ ಎಂದು ನನಗೆ ಮೊದಲು ಹೆಸರಿಟ್ಟವರೇ ಅವರು. ಗುಂಪಿಗೆ ಸೇರುತ್ತೇನೆ, ಕೆಳಗಿನ ದನಿ ಇನ್ನೂ ಉಳಿದಿದೆ ಎಂದರು. ನಿನ್ನ ಹಾಡು ಎಂದು ಗೊತ್ತಾಗಿ ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ. "ನಿಮ್ಮಮ್ಮ ನಮ್ಮನ್ನ ಮರೀಲಿಲ್ಲ ನೋಡು" ಎನ್ನುತ್ತಾರೆ. ಅವರ ಹಾಗೆ ಆ ಎಂಟು ಮಾತ್ರೆ ಹಾಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ನಾನು ಕೈ ಎತ್ತುತ್ತೇನೆ, ಅವರು ನನ್ನ ಕೈ ನೋಡಿಕೊಂಡು ಹಾಡುತ್ತಾರೆ. ಹೇಗಿರುತ್ತದೆ ಹೇಳು ನನಗೆ.

ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ನಮ್ಮ ಗುಂಪಿನ ಜೊತೆ ಹಾಡಲು ಅವರೂ ಬರುತ್ತಾರೆ. ಆ ಪುಸ್ತಕ ಅವರ ಕೈಗೂ ಹೋಗುತ್ತದೆ. ಕೇಳಿಸಿಕೊಂಡೂ ತೆಗೆಯದವರು ತಮಗೆ ಗೊತ್ತೇ ಇರಲಿಲ್ಲ ಎಂದು ಬರೆದದ್ದನ್ನು, ಬಡಿದವರು ಕನ್ನಡಕ ಹಾಕಿಕೊಂಡು ಓದಬೇಕೇ? ಮುಪ್ಪಿನಲ್ಲಿ ಆ ಮನುಷ್ಯನಿಗೆ ನಾವು ಕೊಡುವುದು ಇದೇನಾ?

ನಿನ್ನ ವಾಕ್ಯವನ್ನು ಮಂಗಳವಾರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಪಕ್ಕದಲ್ಲಿ ಹೀಗೆ ಬರೆದಿದ್ದೇನೆ: "ಆ ಸಂಜೆ ನಮ್ಮ ಗುಂಪಿನ ಐವರು ಬಂದು ಬಾಗಿಲು ಬಡಿದರು. ನಮಗೆ ಕೇಳಿಸಿತು. ತೆಗೆಯದೆ ಇನ್ನಷ್ಟು ಜೋರಾಗಿ ಹಾಡಿದೆವು. ಮೂರನೆಯ ಭಾಗದಲ್ಲಿರುವುದು ಆ ಸದ್ದು." ಭಾಷೆ ಸರಿಯಿಲ್ಲ ಎನಿಸಿದರೆ ತಿದ್ದು, ವಿಷಯ ಮುಟ್ಟಬೇಡ. ಪ್ರೂಫ್ ಇದರ ಜೊತೆಗಿದೆ. ಸಹಿ ಹಾಕಿ ಶನಿವಾರದೊಳಗೆ ನೀನೇ ಅಚ್ಚುಕೂಟಕ್ಕೆ ಮುಟ್ಟಿಸು. ಹಾಕದಿದ್ದರೆ ನಮ್ಮ ಡಿಪೋದವರು ಹಾಡಲು ಬರುವುದಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ನಾನೇ ಉತ್ತರ ಹೇಳುತ್ತೇನೆ.

ಇನ್ನೊಂದು. ಅಚ್ಚಾಗುವ ಮೊದಲು ನೀನು ಇಲ್ಲಿಗೆ ಬಾ. ಬಸ್ಸಿನಲ್ಲಿ ನಾಲ್ಕು ಗಂಟೆ, ಮುಂದಿನ ಸೀಟು ಹಿಡಿಸುತ್ತೇನೆ, ಮಂಡಿ ನೋವಿಗೆ ದಿಂಬು ಇಡಿಸುತ್ತೇನೆ. ಅವರ ಎದುರು ಕೂತು ನಿನ್ನ ಬಾಯಿಂದಲೇ ಹೇಳು. ಪುಸ್ತಕ ಓದಿ ತಿಳಿದುಕೊಳ್ಳುವ ವಿಷಯವಲ್ಲ ಅದು. ಅವರು ಎದ್ದು ಹೋದರೆ ಹೋಗಲಿ, ಉಗಿದರೆ ಉಗಿಸಿಕೊಳ್ಳೋಣ. ನಾನೂ ಪಕ್ಕದಲ್ಲಿರುತ್ತೇನೆ.

ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಇದನ್ನು ಓದುವ ಮೊದಲೇ ತಗೋ ಎಂದು ಮೇಲೆಯೇ ಬರೆಯಬೇಕಿತ್ತು.

ನಿನ್ನ ಮಗಳು,
ಏಣಿ

ಮ.ಬ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ನಿನಗೆ ಅವತ್ತು ಬಡಿತ ಮಾತ್ರ ಕೇಳಿಸಿದ್ದು. ಬಾಗಿಲಿಗೆ ಬೆನ್ನು ಕೊಟ್ಟಿದ್ದ ನನಗೆ ಮಾತೂ ಕೇಳಿಸಿತ್ತು. "ಏಣಿ, ನಾನು ಕಣಮ್ಮಾ, ಅಗಣಿ ತೆಗಿ" ಎಂದು ಗಡಿಯಾರದ ಮಾವ ಮೂರು ಸಲ ಕೂಗಿದರು. ಕೈ ಹಿಂದಕ್ಕೆ ಚಾಚಿದರೆ ಅಗಣಿ ಸಿಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ನಿನ್ನೆ, ಬುಧವಾರ, ಟೀ ಕುಡಿಯುತ್ತಾ ಮಾವನೇ ಮಾತು ತೆಗೆದರು. ಅವತ್ತು ನಿನ್ನ ಹೆಸರು ಹಿಡಿದು ಕೂಗಿದ್ದೆ, ಒಳಗೆ ಆ ಪಾಟಿ ಜೋರಾಗಿ ಹಾಡ್ತಾ ಇದ್ರಿ, ನಿಂಗೆ ಕೇಳಿಸಿರಲ್ಲ ಅಲ್ವಾ ಎಂದರು. ನಿನ್ನ ವಾಕ್ಯದ ಮೇಲೆ ನಾನು ಎಳೆದ ಕೆಂಪು ಗೀಟಿಗೆ ಇನ್ನೂ ಒಂದು ದಿನ ತುಂಬಿರಲಿಲ್ಲ. ಇಲ್ಲ ಮಾವ, ಕೇಳಿಸಲಿಲ್ಲ ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೆಂಡತಿಯೂ ಕೊನೆಯ ದಿನದವರೆಗೂ ಅದನ್ನೇ ಹೇಳುತ್ತಿದ್ದರಂತೆ, ಏಣಿಗೆ ಕೇಳಿಸಿದ್ದರೆ ತೆಗೆದೇ ತೆಗೆಯುತ್ತಿದ್ದಳು ಎಂದು.